ಎದೆಹಾಲೋ ಪುಡಿಹಾಲೋ? ಎಚ್‌ಐವಿ ಇರುವ ತಾಯಿಗೆ ಒಂದೇ ವಾರದಲ್ಲಿ ಎರಡು ಉತ್ತರ

ಮೂವತ್ತನಾಲ್ಕನೇ ವಾರ:

ಈ ಚರ್ಚಾ ವೇದಿಕೆಯಲ್ಲಿ ಬರೆಯಲು ಧೈರ್ಯ ಮಾಡುವುದಕ್ಕೇ ಮೂರು ದಿನ ಹಿಡಿಯಿತು. ನನಗೆ ಎಚ್‌ಐವಿ ಇದೆ ಎಂದು ಗೊತ್ತಾಗಿ ಐದು ವರ್ಷವಾಯಿತು. ಅಂದಿನಿಂದ ಎಆರ್‌ಟಿ ಎಂಬ, ವೈರಸ್ಸನ್ನು ಹತ್ತಿಕ್ಕುವ ಮಾತ್ರೆ ತಪ್ಪಿಸಿಲ್ಲ. ರಕ್ತದಲ್ಲಿ ವೈರಸ್ ಎಷ್ಟಿದೆ ಎಂದು ಅಳೆಯುವ ಹೋದ ತಿಂಗಳ ವೈರಲ್ ಲೋಡ್ ವರದಿಯಲ್ಲಿಯೂ "ಪತ್ತೆಯಾಗಿಲ್ಲ" ಎಂದೇ ಬಂದಿದೆ. ಹೆರಿಗೆಯ ಬಗ್ಗೆ ನನಗೆ ಅಷ್ಟು ಹೆದರಿಕೆಯಿಲ್ಲ. ಹೆದರಿಕೆ ಇರುವುದು ಅದಾದ ಅರ್ಧ ಗಂಟೆಯ ಮೇಲಿನದು. ಮಗುವನ್ನು ತಂದು ಎದೆಯ ಮೇಲೆ ಮಲಗಿಸಿದಾಗ ನಾನು ಏನು ಮಾಡಬೇಕು?

ಹೆರಿಗೆ ತಜ್ಞೆ "ಪುಡಿಹಾಲು ಕೊಡಿ, ಅಪಾಯವೇ ಬೇಡ" ಎಂದರು. ಮಾತ್ರೆ ಕೊಡುವ ಕೇಂದ್ರದ ಆಪ್ತಸಮಾಲೋಚಕಿ "ಎದೆಹಾಲೇ ಕೊಡಿ, ಆರು ತಿಂಗಳು ಬೇರೇನನ್ನೂ ಬಾಯಿಗೆ ಹಾಕಬೇಡಿ" ಎಂದರು. ಇಬ್ಬರೂ ಒಳ್ಳೆಯವರೇ. ಆದರೆ "ಏಕೆ" ಎಂದು ಕೇಳಿದಾಗ ಇಬ್ಬರೂ ಗಡಿಯಾರ ನೋಡಿಕೊಂಡರು. ಇದನ್ನು ಮಾಡು, ಅದನ್ನು ಬಿಡು ಎಂದು ಯಾರೂ ಹೇಳುವುದು ಬೇಡ. ಏಕೆ ಎನ್ನುವುದನ್ನು ಹೇಳಿದರೆ ಸಾಕು.

ಹಳೆಯ ದಾದಿ:

ತಂಗಿ, ಇಬ್ಬರು ಹೇಳಿದ್ದೂ ಸುಳ್ಳಲ್ಲ. ಅವರು ಬೇರೆ ಬೇರೆ ಕಾಲದ ಪುಸ್ತಕ ಓದಿಕೊಂಡು ಬಂದವರು, ಅಷ್ಟೇ. ಹೆರಿಗೆ ವಾರ್ಡಿನಲ್ಲಿದ್ದ ವರ್ಷಗಳಲ್ಲಿ ನಾನೇ ಈ ಪ್ರಶ್ನೆಗೆ ಮೂರು ಉತ್ತರ ಕೊಟ್ಟಿದ್ದೇನೆ. ಮೂರು ಸಲವೂ ಸುತ್ತೋಲೆ ಕೈಯಲ್ಲಿತ್ತು, ಮೂರು ಸಲವೂ ದನಿ ಅಷ್ಟೇ ಖಚಿತವಾಗಿತ್ತು. ಈಗ ನೆನೆದರೆ ನಾಚಿಕೆಯಾಗುತ್ತದೆ.

ಮೊದಲು ಲೆಕ್ಕ. ಯಾವ ಔಷಧವೂ ಇಲ್ಲದಿದ್ದರೆ ಎಚ್‌ಐವಿ ಇರುವ ತಾಯಂದಿರ ನೂರು ಮಕ್ಕಳಲ್ಲಿ 15ರಿಂದ 45 ಮಕ್ಕಳಿಗೆ ಸೋಂಕು ತಗಲುತ್ತದೆ. ಕೆಲವಕ್ಕೆ ಗರ್ಭದಲ್ಲೇ, ಹಲವಕ್ಕೆ ಹೆರಿಗೆಯ ಹೊತ್ತಿನಲ್ಲಿ, 5ರಿಂದ 20 ಮಕ್ಕಳಿಗೆ ಎದೆಹಾಲಿನಿಂದ. ಹಾಲಿನಿಂದಲೂ ಬರುತ್ತದೆ ಎನ್ನುವುದು ವೈದ್ಯಕೀಯ ಪತ್ರಿಕೆಯಲ್ಲಿ ಮೊದಲು ವರದಿಯಾದದ್ದು 1985ರಲ್ಲಿ. ಆ ತಾಯಿಗೆ ಹೆರಿಗೆಯಾದ ಮೇಲೆ ಕೊಟ್ಟ ರಕ್ತದಿಂದ ಸೋಂಕು ಬಂದಿತ್ತು. ಅಂದಮೇಲೆ ಮಗುವಿಗೆ ಗರ್ಭದಲ್ಲಿ ತಗಲಿರಲು ದಾರಿಯೇ ಇಲ್ಲ, ಉಳಿದದ್ದು ಹಾಲು ಒಂದೇ. ಅಲ್ಲಿಂದ ಮುಂದೆ ಶ್ರೀಮಂತ ದೇಶಗಳದ್ದು ಒಂದೇ ಮಾತು: ಎದೆಹಾಲು ಬೇಡ.

ನೈರೋಬಿಯಲ್ಲಿ ಒಂದು ಅಧ್ಯಯನ ನಡೆಯಿತು, ಪ್ರಕಟವಾದದ್ದು 2000ದಲ್ಲಿ. ಚೀಟಿ ಎತ್ತಿದ ಹಾಗೆ ತಾಯಂದಿರನ್ನು ಎರಡು ಪಾಲು ಮಾಡಿ, ಒಂದು ಪಾಲಿನ ಮಕ್ಕಳಿಗೆ ಎದೆಹಾಲು, ಇನ್ನೊಂದಕ್ಕೆ ಪುಡಿಹಾಲು. ಎರಡು ವರ್ಷ ತುಂಬುವಾಗ ಎದೆಹಾಲು ಕುಡಿದವರಲ್ಲಿ ಶೇ 36.7, ಪುಡಿಹಾಲಿನವರಲ್ಲಿ ಶೇ 20.5 ಮಕ್ಕಳಿಗೆ ಸೋಂಕು. ಇದನ್ನು ಓದಿದ ಯಾರೇ ಆದರೂ ಡಬ್ಬಿಗೇ ಕೈ ಚಾಚುತ್ತಾರೆ, ನಾವೂ ಚಾಚಿದೆವು. ಅದೇ ವರದಿಯಲ್ಲಿ ಇನ್ನೊಂದು ಸಾಲಿತ್ತು. ತೀರಿಕೊಂಡ ಮಕ್ಕಳು ಎದೆಹಾಲಿನ ಪಾಲಿನಲ್ಲಿ ಶೇ 24.4, ಪುಡಿಹಾಲಿನದರಲ್ಲಿ ಶೇ 20. ಲೆಕ್ಕಶಾಸ್ತ್ರದ ಪ್ರಕಾರ ಇದು ವ್ಯತ್ಯಾಸವೇ ಅಲ್ಲ. ಅದೂ ಶುದ್ಧೀಕರಿಸಿದ ನಲ್ಲಿ ನೀರು ಸಿಗುವ ಮನೆಯ ತಾಯಂದಿರನ್ನೇ ಆರಿಸಿಕೊಂಡು, ಹಾಲು ಕಲಸುವುದನ್ನು ಕಲಿಸಿದ ಮೇಲೆ! ವೈರಸ್ಸಿನಿಂದ ಉಳಿದ ಮಕ್ಕಳಲ್ಲಿ ಹಲವು ಬೇರೆ ದಾರಿಯಲ್ಲಿ ಹೋಗಿದ್ದವು. ಆ ಸಾಲನ್ನು ನಾವು ಗಟ್ಟಿಯಾಗಿ ಓದಲಿಲ್ಲ.

ಬೆರಳು ನೋಯುತ್ತಿದೆ. ಉಳಿದದ್ದು ನಾಳೆ.

ಪ್ರಶ್ನಾರ್ಥಕ:

ದಾದಿಯಮ್ಮನವರ ಅನುಭವಕ್ಕೆ ಗೌರವವಿದೆ. ಆದರೂ ಒಂದು ಸರಳ ಪ್ರಶ್ನೆ. ಪುಡಿಹಾಲಿನಲ್ಲಿ ಎಚ್‌ಐವಿ ಇರುವುದಿಲ್ಲ. ಎದೆಹಾಲಿನಲ್ಲಿ ಇರಬಹುದು. ಒಂದು ಕಡೆ ಸೊನ್ನೆ, ಇನ್ನೊಂದು ಕಡೆ ಸೊನ್ನೆಗಿಂತ ಹೆಚ್ಚು. ಇದರಲ್ಲಿ ಚರ್ಚೆ ಮಾಡುವುದಕ್ಕೆ ಏನಿದೆ? ಮಗುವಿಗೆ ಬಾಯಿಲ್ಲ. ತಾಯಿಯ ಸಮಾಧಾನಕ್ಕಾಗಿ ಮಗುವಿನ ಮೇಲೆ ಅಪಾಯ ಹೊರಿಸುವುದನ್ನು ನಾನು ಸ್ವಾರ್ಥ ಎಂದೇ ಕರೆಯುತ್ತೇನೆ.

ಡಬ್ಬಿಹಾಲಿನ ಅಮ್ಮ:

"ಸ್ವಾರ್ಥ" ಎಂಬ ಪದ ಇಲ್ಲಿಗೂ ಬಂತಲ್ಲ. ನಾನು ಮಗಳಿಗೆ ಒಂದು ದಿನವೂ ಎದೆಹಾಲು ಕೊಡಲಿಲ್ಲ. ನನಗೆ ಸೋಂಕು ಗೊತ್ತಾದದ್ದೇ ಎಂಟನೇ ತಿಂಗಳಲ್ಲಿ. ಮಾತ್ರೆ ಶುರುವಾಗಿ ಕೆಲವೇ ವಾರ, ಹೆರಿಗೆಯ ದಿನಕ್ಕೂ ವೈರಲ್ ಲೋಡ್ ಇಳಿದಿರಲಿಲ್ಲ. ಪುಡಿಹಾಲು ಎಂದು ನಾನೇ ತೀರ್ಮಾನಿಸಿದೆ. ಹಾಲು ನಿಲ್ಲಿಸಲು ಕ್ಯಾಬರ್ಗೋಲಿನ್ ಮಾತ್ರೆ ಕೊಟ್ಟರು. ಮಗಳು ಗಟ್ಟಿಯಾಗಿ ಬೆಳೆದಿದ್ದಾಳೆ, ಎಲ್ಲ ಪರೀಕ್ಷೆಯೂ ನೆಗೆಟಿವ್. ಆಗಲೂ ನನ್ನನ್ನು ಸ್ವಾರ್ಥಿ ಎಂದವರಿದ್ದರು, ಅಂದಗೆಡುತ್ತದೆ ಎಂದು ಹಾಲು ಕೊಡುತ್ತಿಲ್ಲವಂತೆ! ಹಾಲು ಕೊಟ್ಟರೂ ಸ್ವಾರ್ಥ, ಕೊಡದಿದ್ದರೂ ಸ್ವಾರ್ಥ. ಒಟ್ಟಿನಲ್ಲಿ ತಾಯಿಯನ್ನು ಬೈಯುವುದಕ್ಕೆ ಒಂದು ಪದ ಬೇಕು.

ಮೂವತ್ತನಾಲ್ಕನೇ ವಾರದ ತಂಗಿಗೆ ಒಂದು ಮಾತು. ಪುಡಿಹಾಲು ಆರಿಸಿಕೊಂಡರೆ ಅದೂ ಒಂದು ಕೆಲಸವೇ ಎಂದು ತಿಳಿದುಕೊಂಡು ಇಳಿಯಬೇಕು. ಪುಡಿ ಎಂದರೆ ಕ್ರಿಮಿರಹಿತ ಎಂದು ಜನ ನಂಬಿರುತ್ತಾರೆ, ಅದು ತಪ್ಪು. ನೀರನ್ನು ಕುದಿಸಿ, 70 ಡಿಗ್ರಿಗಿಂತ ಕಡಿಮೆ ಆಗುವ ಮೊದಲೇ ಪುಡಿ ಬೆರೆಸಬೇಕು, ಆ ಬಿಸಿಯೇ ಪುಡಿಯೊಳಗಿನ ಬ್ಯಾಕ್ಟೀರಿಯಾ ಕೊಲ್ಲುವುದು. ಕುದಿಸಿ ಅರ್ಧ ಗಂಟೆ ಮರೆತರೆ ಮತ್ತೆ ಕುದಿಸಬೇಕು. ಕಲಸಿದ್ದನ್ನು ಕುಡಿಸುವಷ್ಟು ಆರಿಸಿ ಕೊಡಬೇಕು, ಎರಡು ಗಂಟೆಯೊಳಗೆ ಮುಗಿಯದಿದ್ದರೆ ಚೆಲ್ಲಬೇಕು. ಪುಡಿ ಉಳಿಸಲು ನೀರು ಹೆಚ್ಚು ಹಾಕುವಂತಿಲ್ಲ. ಬಾಟಲಿಗಿಂತ ಸಣ್ಣ ಲೋಟ ಮೇಲು, ತೊಳೆಯುವುದು ಸುಲಭ. ಇದು ದಿನಕ್ಕೆ ಎಂಟು ಸಲ, ರಾತ್ರಿಯೂ ಸೇರಿ, ತಿಂಗಳುಗಟ್ಟಲೆ. ಮೊದಲ ಮೂರು ತಿಂಗಳು ನನ್ನ ಕೈಯಿಂದ ಸೋಪಿನ ವಾಸನೆ ಹೋಗಲೇ ಇಲ್ಲ.

ನಿರ್ವಾಹಕ:

ಪ್ರಶ್ನಾರ್ಥಕ ಅವರೇ, ವಾದ ಇರಲಿ, ವ್ಯಕ್ತಿಗಳಿಗೆ ಹಣೆಪಟ್ಟಿ ಬೇಡ. ಇಲ್ಲಿ ಯಾರೂ ಮಾತ್ರೆ ಬದಲಿಸುವ, ನಿಲ್ಲಿಸುವ ಸಲಹೆ ಕೊಡುವಂತಿಲ್ಲ ಎನ್ನುವುದೂ ನೆನಪಿರಲಿ.

ಹಳೆಯ ದಾದಿ:

ಪ್ರಶ್ನಾರ್ಥಕ ಅವರ ಸೊನ್ನೆಗೆ ಬರುತ್ತೇನೆ. ನಮ್ಮ ಇಡೀ ಇಲಾಖೆ ಬಿದ್ದದ್ದೇ ಆ ಸೊನ್ನೆಯ ಗುಂಡಿಯೊಳಗೆ.

ಬೋಟ್ಸ್‌ವಾನಾ ಆಫ್ರಿಕಾದ ಬಡ ದೇಶವಲ್ಲ. ನೀರು ಪೂರೈಕೆ ಚೆನ್ನಾಗಿತ್ತು, ಎಚ್‌ಐವಿ ಇರುವ ತಾಯಂದಿರಿಗೆ ಸರ್ಕಾರವೇ ಪುಡಿಹಾಲು ಉಚಿತವಾಗಿ ಕೊಡುತ್ತಿತ್ತು. ಎಲ್ಲ ಲೆಕ್ಕದಂತೆ ನಡೆದಿತ್ತು. 2006ರ ಮೊದಲ ತಿಂಗಳುಗಳಲ್ಲಿ ಮಳೆ ಮಿತಿ ಮೀರಿ ಸುರಿಯಿತು. ನೀರು ಕೆಟ್ಟಿತು, ಭೇದಿ ಹಬ್ಬಿತು, ಶಿಶುಗಳು ಸಾಲುಸಾಲಾಗಿ ಆಸ್ಪತ್ರೆಗೆ ಬಂದವು. ತನಿಖೆ ಮಾಡಿದವರು ಕಂಡದ್ದು ಇಷ್ಟು: ಕಾಯಿಲೆ ಬಿದ್ದು ತೀರಿಹೋದ ಕೂಸುಗಳಲ್ಲಿ ಬಹುಪಾಲು ಎದೆಹಾಲು ಕುಡಿಯದವು. ಅವುಗಳಲ್ಲಿ ಹಲವಕ್ಕೆ ಎಚ್‌ಐವಿ ಇರಲೇ ಇಲ್ಲ. ಉಳಿಸಿದ್ದೇವೆ ಎಂದು ನಾವು ಪಟ್ಟಿಯಲ್ಲಿ ಗೆರೆ ಎಳೆದಿದ್ದ ಮಕ್ಕಳು ಅವು.

ಅದೇ ದೇಶದಲ್ಲಿ ಅದೇ ವರ್ಷ ಪ್ರಕಟವಾದ ಅಧ್ಯಯನವೂ ಹಾಗೆಯೇ ಹೇಳಿತು. ಏಳನೇ ತಿಂಗಳಲ್ಲಿ ಸೋಂಕು ಪುಡಿಹಾಲಿನವರಲ್ಲಿ ಶೇ 5.6, ಎದೆಹಾಲಿನ ಜೊತೆ ಔಷಧ ಕುಡಿದವರಲ್ಲಿ ಶೇ 9. ಸಾವು ನೋಡಿದರೆ ಪುಡಿಹಾಲಿನವರಲ್ಲಿ ಶೇ 9.3, ಎದೆಹಾಲಿನವರಲ್ಲಿ ಶೇ 4.9. ತಕ್ಕಡಿಯ ಒಂದು ತಟ್ಟೆ ಏರಿದಷ್ಟೂ ಇನ್ನೊಂದು ಇಳಿದಿತ್ತು. ಹದಿನೆಂಟು ತಿಂಗಳಾಗುವಾಗ, ಸೋಂಕಿಲ್ಲದೆ ಬದುಕಿರುವ ಮಕ್ಕಳ ಸಂಖ್ಯೆ ಎರಡೂ ಕಡೆ ಹೆಚ್ಚುಕಡಿಮೆ ಒಂದೇ.

ಆಮೇಲೆ ಅಳತೆಗೋಲೇ ಬದಲಾಯಿತು. ಮಗುವಿಗೆ ಸೋಂಕು ಬಂತೇ ಎಂಬುದೊಂದನ್ನೇ ಕೇಳುತ್ತಿದ್ದವರು, ಮಗು ಬದುಕಿದೆಯೇ, ಬದುಕಿದ್ದು ಸೋಂಕಿಲ್ಲದೆ ಇದೆಯೇ ಎಂದು ಎರಡನ್ನೂ ಒಟ್ಟಿಗೆ ಕೇಳತೊಡಗಿದರು. ಅದಕ್ಕೂ ಮೊದಲು ವಿಶ್ವ ಆರೋಗ್ಯ ಸಂಸ್ಥೆ ಐದು ಷರತ್ತು ಇಟ್ಟಿತ್ತು: ಪುಡಿಹಾಲು ಮನೆಯವರಿಗೆ ಒಪ್ಪಿಗೆಯಾಗಬೇಕು, ಮಾಡಲು ಸಾಧ್ಯವಾಗಬೇಕು, ಖರ್ಚು ಕೈಗೆಟಕಬೇಕು, ನಡುವೆ ನಿಲ್ಲಬಾರದು, ಸುರಕ್ಷಿತವಾಗಿರಬೇಕು. ಕೇಳಲು ಚೆಂದ. ವಾರ್ಡಿನಲ್ಲಿ ಆಗುತ್ತಿದ್ದುದು ಏನು? ಹೊರಗೆ ಮೂವತ್ತು ಜನ ಕಾದಿರುವಾಗ ಐದು ಪ್ರಶ್ನೆಯನ್ನು ಐದು ನಿಮಿಷದಲ್ಲಿ ಕೇಳುತ್ತಿದ್ದೆ. ತಾಯಿ ಎಲ್ಲಕ್ಕೂ ತಲೆಯಾಡಿಸುತ್ತಿದ್ದಳು. ಡಬ್ಬಿ ಕೊಟ್ಟು ಕಳಿಸುತ್ತಿದ್ದೆ. ಅವಳ ಮನೆಯಲ್ಲಿ ಒಲೆ ಎಷ್ಟು ಹೊತ್ತು ಉರಿಯುತ್ತದೆ ಎಂದು ನಾನು ಕೇಳಲಿಲ್ಲ.

ಆರನೇ ತಿಂಗಳ ಕಣ್ಣೀರು:

ದಾದಿಯಮ್ಮ, ನಿಮ್ಮ ಎರಡನೇ ಉತ್ತರದ ಕಾಲದವಳು ನಾನು. ಆಗ ನನಗೆ ಹೇಳಿದ್ದು: ಆರು ತಿಂಗಳು ಬರೀ ಎದೆಹಾಲು, ಆಮೇಲೆ ಒಂದೇ ದಿನಕ್ಕೆ ನಿಲ್ಲಿಸಿ. ಹೇಳಿದಂತೆ ಮಾಡಿದೆ. ಮಗ ಮೂರು ರಾತ್ರಿ ಅತ್ತ. ನನ್ನ ಎದೆ ಕಲ್ಲಿನಂತಾಗಿ ಜ್ವರ ಬಂತು. ನಾನು ಎತ್ತಿಕೊಂಡರೆ ಹಾಲಿನ ವಾಸನೆಗೆ ಇನ್ನಷ್ಟು ಅಳುತ್ತಾನೆಂದು ಅವನನ್ನು ಬೇರೆಯವರ ತೋಳಿಗೆ ಕೊಟ್ಟು ನಾನು ಪಕ್ಕದ ಕೋಣೆಯಲ್ಲಿ ಕುಳಿತಿದ್ದೆ. ಎರಡು ತಿಂಗಳಲ್ಲಿ ತೂಕ ಇಳಿದು ಹೋಯಿತು. ಹೇಗೋ ಉಳಿದ, ಈಗ ನನಗಿಂತ ಎತ್ತರ. ಆದರೆ ಆ ನಿಯಮ ಎಲ್ಲಿಂದ ಬಂತು, ಎಲ್ಲಿಗೆ ಹೋಯಿತು ಎಂದು ಇವತ್ತಿಗೂ ನನಗೆ ಯಾರೂ ಹೇಳಿಲ್ಲ.

ಮಕ್ಕಳ ವೈದ್ಯ:

ಹೇಳುವ ಪ್ರಯತ್ನ ಮಾಡುತ್ತೇನೆ. ಹಾಲು ಕುಡಿಯುವ ದಿನಗಳು ಹೆಚ್ಚಾದಷ್ಟೂ ಅಪಾಯ ಕೂಡುತ್ತಾ ಹೋಗುತ್ತದೆ, ಆದ್ದರಿಂದ ಬೇಗ ನಿಲ್ಲಿಸಿದರೆ ಒಳ್ಳೆಯದು ಎಂಬ ತರ್ಕ ಅದು. ಕಾಗದದ ಮೇಲೆ ದೋಷವಿಲ್ಲ. ಜಾಂಬಿಯಾದಲ್ಲಿ ಅದನ್ನು ಪರೀಕ್ಷಿಸಿ ನೋಡಿದರು, 2008ರಲ್ಲಿ ಫಲಿತಾಂಶ ಬಂತು. ನಾಲ್ಕು ತಿಂಗಳಿಗೆ ಥಟ್ಟನೆ ಹಾಲು ಬಿಡಿಸಿದ್ದರಿಂದ ಸೋಂಕಿಲ್ಲದೆ ಬದುಕುವ ಮಕ್ಕಳ ಸಂಖ್ಯೆ ಹೆಚ್ಚಲಿಲ್ಲ. ಆಗಲೇ ಸೋಂಕು ತಗಲಿದ್ದ ಮಕ್ಕಳಿಗಂತೂ ಅದರಿಂದ ಹಾನಿಯೇ ಆಯಿತು, ಅವರಲ್ಲಿ ಸಾವು ಹೆಚ್ಚಾಯಿತು. ಥಟ್ಟನೆ ನಿಲ್ಲಿಸಿದಾಗ ಎದೆಯಲ್ಲಿ ಹಾಲು ಕಟ್ಟಿ, ಹಾಲಿನೊಳಗಿನ ವೈರಸ್ ಪ್ರಮಾಣವೂ ಏರುತ್ತದೆ. ನಡುವೆ ಮನಸ್ಸು ತಡೆಯದೆ ಒಮ್ಮೆ ಕುಡಿಸಿದರೆ ಮಗುವಿಗೆ ಸಿಗುವುದು ಆ ಹಾಲೇ. 2010ರ ಮಾರ್ಗಸೂಚಿಯಲ್ಲಿ "ಒಂದು ತಿಂಗಳ ಅವಧಿಯಲ್ಲಿ ನಿಧಾನವಾಗಿ ಬಿಡಿಸಿ" ಎಂದು ಬರೆದರು. ಅಮ್ಮಾ, ನೀವು ತಪ್ಪು ಮಾಡಲಿಲ್ಲ. ನಮ್ಮ ತರ್ಕ ಅರ್ಧ ಬೆಂದಿತ್ತು.

ಇನ್ನು "ಬರೀ ಎದೆಹಾಲು" ಎನ್ನುವುದರ ಹಿಂದಿನ ಕಥೆ. ಇದು ಮೊದಲು ಯಾರಿಗೂ ನಂಬಿಕೆ ಬರಲಿಲ್ಲ. 1999ರಲ್ಲಿ ಡರ್ಬನ್‌ನ ಸಂಶೋಧಕರು, ಮೂರು ತಿಂಗಳು ಎದೆಹಾಲು ಬಿಟ್ಟು ಬೇರೇನೂ ಕುಡಿಯದ ಮಕ್ಕಳಲ್ಲಿ ಸೋಂಕು ಶೇ 14.6, ಎದೆಹಾಲಿನ ಜೊತೆ ನೀರು, ಬೇರೆ ಹಾಲು, ಆಹಾರ ಕೊಟ್ಟವರಲ್ಲಿ ಶೇ 24.1 ಎಂದು ಬರೆದರು. ಹೆಚ್ಚು ಎದೆಹಾಲು ಕುಡಿದ ಮಗುವಿಗೆ ಕಡಿಮೆ ಸೋಂಕು! ಲೆಕ್ಕದಲ್ಲಿ ಏನೋ ಎಡವಟ್ಟು ಎಂದು ಹಲವರು ನಕ್ಕರು. 2005ರಲ್ಲಿ ಜಿಂಬಾಬ್ವೆಯಿಂದ, 2007ರಲ್ಲಿ ಮತ್ತೆ ದಕ್ಷಿಣ ಆಫ್ರಿಕಾದಿಂದ ಅದೇ ಫಲಿತಾಂಶ ಬಂದಾಗ ನಗು ನಿಂತಿತು. 2007ರ ಅಧ್ಯಯನದಲ್ಲಿ ಎದೆಹಾಲಿನ ಜೊತೆ ಘನ ಆಹಾರ ಕೊಟ್ಟ ಮಕ್ಕಳಿಗೆ ಅಪಾಯ ಸುಮಾರು ಹನ್ನೊಂದು ಪಟ್ಟು.

ಹೀಗೇಕೆ? ಎಳೆಯ ಕರುಳಿನ ಒಳಪೊರೆ ತೆಳು. ಹೊರಗಿನ ಆಹಾರ, ಅದರ ಜೊತೆ ಬರುವ ರೋಗಾಣು ಆ ಪೊರೆಯನ್ನು ಕೆರಳಿಸಿ ಸಣ್ಣ ಸಣ್ಣ ಗಾಯ ಮಾಡುತ್ತವೆ. ಹಾಲಿನೊಳಗಿನ ವೈರಸ್ಸಿಗೆ ಅದೇ ಬಾಗಿಲು. ಇನ್ನೊಂದು ಕಡೆ, ಮಗು ಬೇರೆ ಏನನ್ನೋ ಕುಡಿದು ಹೊಟ್ಟೆ ತುಂಬಿಕೊಂಡರೆ ಎದೆ ಪೂರ್ತಿ ಖಾಲಿಯಾಗುವುದಿಲ್ಲ. ಹಾಲು ಕಟ್ಟಿ, ಹೊರಗೆ ಕಾಣದಂಥ ಸಣ್ಣ ಉರಿಯೂತವಾಗುತ್ತದೆ, ಹಾಲಿನಲ್ಲಿ ವೈರಸ್ ಹೆಚ್ಚುತ್ತದೆ. ಆರು ತಿಂಗಳಲ್ಲಿ ಒಂದು ಮಗು ನೂರು ಲೀಟರಿಗೂ ಹೆಚ್ಚು ಎದೆಹಾಲು ಕುಡಿಯುತ್ತದೆ. ಔಷಧವಿಲ್ಲದ ಕಾಲದಲ್ಲೂ, ಅಷ್ಟು ಕುಡಿದ ಮಕ್ಕಳಲ್ಲಿ ಹೆಚ್ಚಿನವರಿಗೆ ಸೋಂಕು ಬರಲಿಲ್ಲ. ಹಾಲಿನೊಳಗೇ ಕಾಯುವ ಸತ್ವವೂ ಇದೆ ಎನ್ನುವುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಡ.

ಇದೆಲ್ಲ ತಾಯಿಗೆ ಮಾತ್ರೆ ಇಲ್ಲದಿದ್ದ ಕಾಲದ ಮಾತು. ಮೂವತ್ತನಾಲ್ಕನೇ ವಾರದವರ ಪ್ರಶ್ನೆಗೆ ಉತ್ತರ ಇರುವುದು ಇದರ ಮುಂದಿನ ಅಧ್ಯಾಯದಲ್ಲಿ. ರೋಗಿಗಳು ಕಾಯುತ್ತಿದ್ದಾರೆ, ಸಂಜೆ ಬರೆಯುತ್ತೇನೆ.

ಅಪ್ಪನಾಗುವವನು:

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ನನ್ನ ಹೆಂಡತಿಯ ಪರೀಕ್ಷೆ ಮೂರನೇ ತಿಂಗಳಲ್ಲಿ ನೆಗೆಟಿವ್ ಬಂದಿತ್ತು. ನಾನು ಪರೀಕ್ಷೆ ಮಾಡಿಸಿಲ್ಲ. ಅವಳದ್ದು ನೆಗೆಟಿವ್ ಆದರೆ ನನ್ನದೂ ಹಾಗೆಯೇ ಎಂದುಕೊಳ್ಳಬಹುದಲ್ಲವೇ?

ಮಕ್ಕಳ ವೈದ್ಯ:

ಹಾಗೆಂದುಕೊಳ್ಳಬೇಡಿ. ಈ ವಾರವೇ ಮಾಡಿಸಿ. ಮೂರನೇ ತಿಂಗಳ ನೆಗೆಟಿವ್ ಎಂದರೆ ಮೂರನೇ ತಿಂಗಳವರೆಗಿನ ಸುದ್ದಿ. ಹಾಲುಣಿಸುತ್ತಿರುವಾಗ ತಾಯಿಗೆ ಹೊಸದಾಗಿ ಸೋಂಕು ತಗಲಿದರೆ, ಮೊದಲ ವಾರಗಳಲ್ಲಿ ಅವಳ ರಕ್ತದಲ್ಲೂ ಹಾಲಿನಲ್ಲೂ ವೈರಸ್ ತುಂಬಿ ತುಳುಕುತ್ತದೆ. ಅವಳಿಗೆ ಅದು ಗೊತ್ತೇ ಇರುವುದಿಲ್ಲ, ಮಾತ್ರೆಯೂ ಇರುವುದಿಲ್ಲ. 1992ರಲ್ಲಿ ಹಲವು ಅಧ್ಯಯನಗಳನ್ನು ಕೂಡಿಸಿ ಲೆಕ್ಕ ಹಾಕಿದಾಗ, ಮೊದಲೇ ಸೋಂಕಿದ್ದ ತಾಯಿಯ ಹಾಲಿನಿಂದ ಬರುವ ಹೆಚ್ಚುವರಿ ಅಪಾಯ ಶೇ 14, ಹೆರಿಗೆಯ ನಂತರ ಸೋಂಕಿತಳಾದ ತಾಯಿಯದು ಶೇ 29 ಎಂದು ಕಂಡಿತ್ತು. ಅದಕ್ಕೇ ಗರ್ಭದ ಕೊನೆಯಲ್ಲೂ ಹಾಲುಣಿಸುವ ಕಾಲದಲ್ಲೂ ಮರುಪರೀಕ್ಷೆ. ಈ ಇಡೀ ಚರ್ಚೆಯಲ್ಲಿ ಅಪ್ಪನೊಬ್ಬ ಪ್ರಶ್ನೆ ಕೇಳಿದ್ದು ನನಗಂತೂ ಸಂತೋಷ.

ಮಕ್ಕಳ ವೈದ್ಯ:

ಸಂಜೆಯ ಭಾಗ.

2010ರಲ್ಲಿ ಬೋಟ್ಸ್‌ವಾನಾದಿಂದಲೇ ಸುದ್ದಿ ಬಂತು. ಗರ್ಭಿಣಿಯಾಗಿದ್ದಾಗಿನಿಂದ ಹಾಲು ಬಿಡಿಸುವವರೆಗೆ ತಾಯಿ ಮೂರು ಔಷಧಗಳ ಚಿಕಿತ್ಸೆಯಲ್ಲಿದ್ದರೆ, ಆರು ತಿಂಗಳಾಗುವಾಗ ಸೋಂಕು ತಗಲಿದ ಮಕ್ಕಳು ಒಟ್ಟು ಶೇ 1.1. ಅದರಲ್ಲೂ ಹೆಚ್ಚಿನದು ಗರ್ಭದಲ್ಲೇ ಬಂದದ್ದು. ಆಮೇಲೆ ಆಫ್ರಿಕಾದ ಹಲವು ದೇಶಗಳು ಮತ್ತು ಭಾರತದಲ್ಲಿ ನಡೆದ ಪ್ರಾಮಿಸ್ ಎಂಬ ದೊಡ್ಡ ಅಧ್ಯಯನದಲ್ಲಿ, ತಾಯಿ ಎಆರ್‌ಟಿ ತೆಗೆದುಕೊಂಡು ಎದೆಹಾಲು ಕೊಟ್ಟಾಗ ಹಾಲಿನಿಂದ ಬಂದ ಸೋಂಕು ಆರು ತಿಂಗಳಿಗೆ ಶೇ 0.3, ವರ್ಷಕ್ಕೆ ಶೇ 0.6. ನೂರಕ್ಕೆ ಹದಿನಾರು ಎಂದು ನೈರೋಬಿಯಲ್ಲಿ ಕಂಡಿದ್ದ ಸಂಖ್ಯೆ ಸಾವಿರಕ್ಕೆ ಆರಕ್ಕೆ ಇಳಿದಿತ್ತು. ಅದಕ್ಕೇ ವಿಶ್ವ ಆರೋಗ್ಯ ಸಂಸ್ಥೆ 2016ರಲ್ಲಿ, ಎದೆಹಾಲನ್ನು ಪ್ರೋತ್ಸಾಹಿಸುವ ದೇಶಗಳಲ್ಲಿ ಎಆರ್‌ಟಿ ಮೇಲಿರುವ ತಾಯಂದಿರು ಕನಿಷ್ಠ ಒಂದು ವರ್ಷ ಹಾಲುಣಿಸಲಿ, ಬೇಕೆಂದರೆ ಎರಡು ವರ್ಷ ಅಥವಾ ಇನ್ನೂ ಮುಂದೆ ಉಣಿಸಲಿ ಎಂದಿತು. ತಾಯಿ ಮಾತ್ರೆ ಸರಿಯಾಗಿ ನುಂಗುತ್ತಿದ್ದರೆ ನಡುವೆ ಒಮ್ಮೆ ಪುಡಿಹಾಲು ಕೊಟ್ಟುಬಿಟ್ಟೆ ಎಂದು ಗಾಬರಿಯಾಗಿ ಎದೆಹಾಲು ನಿಲ್ಲಿಸುವುದು ಬೇಡ ಎಂದೂ ಸೇರಿಸಿತು. ಆರು ತಿಂಗಳು ಬರೀ ಎದೆಹಾಲು ಎನ್ನುವುದು ಈಗಲೂ ಮೇಲು, ಆದರೆ ಒಮ್ಮೆ ಮುರಿದರೆ ಎಲ್ಲ ಮುಗಿಯಿತು ಎಂಬ ವ್ರತವಲ್ಲ.

ಶ್ರೀಮಂತ ದೇಶಗಳೂ ಸಡಿಲಗೊಂಡಿವೆ. ಬ್ರಿಟನ್ನಿನ ಎಚ್‌ಐವಿ ತಜ್ಞರ ಸಂಘ 2018ರಲ್ಲೇ, ಪುಡಿಹಾಲೇ ನಮ್ಮ ಸಲಹೆ, ಆದರೂ ವೈರಸ್ ಪತ್ತೆಯಾಗದ ತಾಯಿ ಎದೆಹಾಲು ಕೊಡುತ್ತೇನೆಂದರೆ ಜೊತೆಗೆ ನಿಲ್ಲಿ ಎಂದಿತು. ಅಮೆರಿಕದ ಮಾರ್ಗಸೂಚಿ 2023ರ ಜನವರಿಯಲ್ಲಿ ಬದಲಾಗಿ, ತಾಯಿಯ ಜೊತೆ ಕುಳಿತು ತೀರ್ಮಾನಿಸಿ ಎಂದಿತು. ಅಪಾಯ ಶೇ 1ಕ್ಕಿಂತ ಕಡಿಮೆ, ಆದರೆ ಸೊನ್ನೆ ಅಲ್ಲ ಎಂಬ ಮಾತು ಅಲ್ಲಿದೆ. "ಪತ್ತೆಯಾಗದಿದ್ದರೆ ಹರಡುವುದಿಲ್ಲ" ಎನ್ನುವುದು ಲೈಂಗಿಕ ಸಂಪರ್ಕದ ಮಟ್ಟಿಗೆ ಸಾಬೀತಾದ ಸತ್ಯ. ಹಾಲಿನ ವಿಷಯದಲ್ಲಿ ಅಷ್ಟು ದೊಡ್ಡ ದನಿಯಲ್ಲಿ ಹೇಳಲು ಬರುವುದಿಲ್ಲ, ಏಕೆಂದರೆ ರಕ್ತದಲ್ಲಿ ತೇಲುವ ವೈರಸ್ ಇಲ್ಲದಿದ್ದರೂ ಹಾಲಿನೊಳಗಿನ ಜೀವಕೋಶಗಳಲ್ಲಿ ಅಡಗಿದ ವೈರಸ್ ಇರಬಹುದು.

ಪ್ರಶ್ನಾರ್ಥಕ:

ವೈದ್ಯರೇ ಒಪ್ಪಿಕೊಂಡರಲ್ಲ, ಸೊನ್ನೆಯಲ್ಲ ಎಂದು. ಶುದ್ಧ ನೀರು, ಕುದಿಸಲು ಇಂಧನ, ಪುಡಿಗೆ ಹಣ ಎಲ್ಲ ಇರುವ ಮನೆಯಲ್ಲಿ ಬೋಟ್ಸ್‌ವಾನಾದ ಮಳೆಯನ್ನು ಏಕೆ ತರಬೇಕು? ಥಾಯ್ಲೆಂಡ್ ಪುಡಿಹಾಲನ್ನೇ ಉಚಿತವಾಗಿ ಕೊಟ್ಟು ತಾಯಿಯಿಂದ ಮಗುವಿಗೆ ಹರಡುವುದನ್ನು ನಿವಾರಿಸಿದ ದೇಶವೆಂದು 2016ರಲ್ಲಿ ಮಾನ್ಯತೆ ಪಡೆಯಿತು. ಸ್ವಾರ್ಥ ಎಂಬ ಪದ ಹಿಂತೆಗೆದುಕೊಳ್ಳುತ್ತೇನೆ. ವಾದವನ್ನಲ್ಲ.

ಹಳೆಯ ದಾದಿ:

ಪದ ಹಿಂತೆಗೆದುಕೊಂಡದ್ದು ದೊಡ್ಡತನ. ವಾದದಲ್ಲೂ ತಿರುಳಿದೆ, ನಾನು ಇಲ್ಲ ಎನ್ನುವುದಿಲ್ಲ. ಥಾಯ್ಲೆಂಡ್ ಪುಡಿಹಾಲಿನಿಂದ ಗೆದ್ದಿತು, ದಕ್ಷಿಣ ಆಫ್ರಿಕಾ 2011ರಲ್ಲಿ ಉಚಿತ ಪುಡಿಹಾಲು ನಿಲ್ಲಿಸಿ ಎದೆಹಾಲು ಮತ್ತು ಮಾತ್ರೆಯ ದಾರಿ ಹಿಡಿಯಿತು. ಎರಡು ದೇಶ, ಎರಡು ದಾರಿ. ಆದರೆ ಇಲ್ಲಿ ಕೇಳುತ್ತಿರುವವಳು ದೇಶವಲ್ಲ, ಒಬ್ಬ ತಾಯಿ.

ನನ್ನನ್ನು ಕೇಳಿದರೆ ಈ ಪ್ರಶ್ನೆಯ ಗಂಟು ಹಾಲಿನಲ್ಲಿಲ್ಲ, ಮಾತ್ರೆಯಲ್ಲಿದೆ. ಅದನ್ನು ಕಲಿಯಲು ನನಗೆ ಅರ್ಧ ಆಯುಷ್ಯ ಬೇಕಾಯಿತು. ಗರ್ಭಿಣಿಯಾಗಿದ್ದಾಗ ಒಂದು ಹೊತ್ತೂ ತಪ್ಪಿಸದವಳು, ಹೆರಿಗೆಯಾದ ಮೇಲೆ ತಪ್ಪಿಸುತ್ತಾಳೆ. ಮಗು ಹೊಟ್ಟೆಯಲ್ಲಿದ್ದಾಗ ಮಾತ್ರೆ ಮಗುವಿಗಾಗಿ, ಹೊರಗೆ ಬಂದ ಮೇಲೆ ಮಾತ್ರೆ "ನನಗೆ ಮಾತ್ರ" ಎನಿಸುತ್ತದೆ. ನಿದ್ದೆಯಿಲ್ಲ, ಮನೆ ತುಂಬ ಜನ, ಮಾತ್ರೆಯ ಡಬ್ಬಿ ಬಚ್ಚಿಡಬೇಕು. 2012ರಲ್ಲಿ 51 ಅಧ್ಯಯನಗಳನ್ನು ಕೂಡಿಸಿ ನೋಡಿದವರು ಬರೆದದ್ದು: ಗರ್ಭಿಣಿಯರಲ್ಲಿ ಶೇ 75.7 ಜನ ಮಾತ್ರೆಯನ್ನು ಸರಿಯಾಗಿ ತೆಗೆದುಕೊಂಡಿದ್ದರು, ಹೆರಿಗೆಯ ನಂತರ ಆ ಸಂಖ್ಯೆ ಶೇ 53. ವೈದ್ಯರು ಹೇಳಿದ ಸಾವಿರಕ್ಕೆ ಆರು ಎನ್ನುವುದು ಮಾತ್ರೆ ನುಂಗುವ ತಾಯಿಯ ಲೆಕ್ಕ, ಮರೆತವಳದ್ದಲ್ಲ. ನಮ್ಮಲ್ಲಿಗೆ ಬಂದ ಒಬ್ಬ ಹುಡುಗಿ ಮಾತ್ರೆಯನ್ನು ಮಗುವಿನ ಬಟ್ಟೆಯ ಚೀಲದಲ್ಲಿ ಇಟ್ಟುಕೊಳ್ಳುತ್ತಿದ್ದಳು, ಆ ಚೀಲವನ್ನು ಬೇರೆ ಯಾರೂ ಮುಟ್ಟುವುದಿಲ್ಲ ಎಂದು. ಅವಳಿಗೆ ಯಾವ ಸುತ್ತೋಲೆಯೂ ಇದನ್ನು ಕಲಿಸಿರಲಿಲ್ಲ.

ಆದ್ದರಿಂದ ತಂಗಿ, ಯಾವ ಹಾಲು ಎಂದು ಕೇಳುವ ಮೊದಲು ಇದನ್ನು ಕೇಳಿಕೊ: ರಾತ್ರಿ ಮೂರು ಸಲ ಎದ್ದು, ಬೆಳಿಗ್ಗೆ ಕಣ್ಣು ತೆರೆಯಲಾರದ ದಿನವೂ ನನ್ನ ಮಾತ್ರೆ ನನಗೆ ನೆನಪಿರುತ್ತದೆಯೇ? ಮನೆಯಲ್ಲಿ ನೆನಪಿಸಲು ಒಬ್ಬರಾದರೂ ಇದ್ದಾರೆಯೇ? ತಿಂಗಳಿಗೊಮ್ಮೆ ಅಥವಾ ಎರಡು ತಿಂಗಳಿಗೊಮ್ಮೆ ವೈರಲ್ ಲೋಡ್ ಮಾಡಿಸಲು ಆಗುತ್ತದೆಯೇ? ಈ ಮೂರಕ್ಕೂ ಹೌದು ಎಂದರೆ ಎದೆಹಾಲಿಗೆ ನಾನು ಹೆದರುವುದಿಲ್ಲ. ಅನುಮಾನವಿದ್ದರೆ ಡಬ್ಬಿಹಾಲಿನ ಅಮ್ಮ ಹೇಳಿದ ಸೋಪಿನ ದಾರಿ ಇದೆ, ಅದೂ ತಾಯ್ತನವೇ.

ಹೊಸ ಸದಸ್ಯೆ:

ನನಗೆ ಇರುವುದು ಹೆಪಟೈಟಿಸ್ ಬಿ. ಇದೇ ನಿಯಮ ನನಗೂ ಅನ್ವಯಿಸುತ್ತದೆಯೇ?

ಮಕ್ಕಳ ವೈದ್ಯ:

ಇಲ್ಲ, ನಿಮ್ಮ ದಾರಿ ಸುಲಭ. ಹೆಪಟೈಟಿಸ್ ಬಿ ಮುಖ್ಯವಾಗಿ ಹೆರಿಗೆಯ ಹೊತ್ತಿನಲ್ಲಿ ದಾಟುತ್ತದೆ. ಮಗು ಹುಟ್ಟಿದ 24 ಗಂಟೆಯೊಳಗೆ ಮೊದಲ ಲಸಿಕೆ, ಸಾಧ್ಯವಿದ್ದಲ್ಲಿ ಜೊತೆಗೆ ಇಮ್ಯುನೊಗ್ಲಾಬ್ಯುಲಿನ್ ಚುಚ್ಚುಮದ್ದು. ಎದೆಹಾಲು ಕೊಡಬಹುದು. ಹೆಪಟೈಟಿಸ್ ಸಿ ಇದ್ದರೂ ಕೊಡಬಹುದು, ತೊಟ್ಟು ಬಿರಿದು ರಕ್ತ ಬರುತ್ತಿದ್ದರೆ ಮಾತ್ರ ಅದು ವಾಸಿಯಾಗುವವರೆಗೆ ಬೇಡ. ಎಲ್ಲ ವೈರಸ್ಸನ್ನೂ ಒಂದೇ ಮೂಟೆಗೆ ಕಟ್ಟಬೇಡಿ. ಎಚ್‌ಟಿಎಲ್‌ವಿ-1 ಎಂಬ ವೈರಸ್ಸಿನ ಮುಖ್ಯ ದಾರಿಯೇ ದೀರ್ಘಕಾಲದ ಎದೆಹಾಲು. ಜಪಾನಿನ ನಾಗಸಾಕಿಯಲ್ಲಿ 1987ರಿಂದಲೇ ಸೋಂಕಿತ ತಾಯಂದಿರಿಗೆ ಪುಡಿಹಾಲು ಸೂಚಿಸಿ ಅದನ್ನು ತಗ್ಗಿಸಿದರು.

ಮೂವತ್ತನಾಲ್ಕನೇ ವಾರ:

ಎಲ್ಲವನ್ನೂ ಎರಡೆರಡು ಸಲ ಓದಿದೆ. ಕೆಲವು ಕಡೆ ಅತ್ತೆ, ಸೋಪಿನ ವಾಸನೆಯ ಕಡೆ ನಕ್ಕೆ. ಇನ್ನೊಂದು ಪ್ರಶ್ನೆ. ಮಗುವಿಗೆ ಬಂದಿದೆಯೋ ಇಲ್ಲವೋ ಎಂದು ಯಾವಾಗ ಗೊತ್ತಾಗುತ್ತದೆ?

ಮಕ್ಕಳ ವೈದ್ಯ:

ಒಂದೇ ದಿನದಲ್ಲಿ ಅಲ್ಲ. ಹುಟ್ಟಿದಾಗ, ವೈರಸ್ಸಿನ ವಿರುದ್ಧ ನಿಮ್ಮ ದೇಹ ತಯಾರಿಸಿದ ಪ್ರತಿಕಾಯಗಳು ಮಗುವಿನ ರಕ್ತದಲ್ಲಿ ಇರುತ್ತವೆ, ಹದಿನೆಂಟು ತಿಂಗಳವರೆಗೂ ಉಳಿಯಬಹುದು. ಆದ್ದರಿಂದ ಪ್ರತಿಕಾಯ ಹುಡುಕುವ ಮಾಮೂಲಿ ಪರೀಕ್ಷೆ ಪಾಸಿಟಿವ್ ಬಂದರೂ ಅದು ನಿಮ್ಮ ನೆರಳು, ಮಗುವಿನದಲ್ಲ. ವೈರಸ್ಸನ್ನೇ ಹುಡುಕುವ ಪಿಸಿಆರ್ ಬೇಕು. ಹುಟ್ಟಿದ ಕೂಡಲೇ ಮಾಡಿದರೆ ಗರ್ಭದಲ್ಲಿ ಬಂದದ್ದು ಸಿಗುತ್ತದೆ. ಹೆರಿಗೆಯಲ್ಲಿ ಬಂದದ್ದಕ್ಕೆ ಆರು ವಾರದ ಪರೀಕ್ಷೆ. ಹಾಲುಣಿಸುತ್ತಿದ್ದರೆ ಆಮೇಲೂ ಆಗಾಗ. ಕೊನೆಯ ತೀರ್ಪಿನ ಪರೀಕ್ಷೆ, ಹಾಲು ಪೂರ್ತಿ ನಿಲ್ಲಿಸಿದ ಮೂರು ತಿಂಗಳ ಮೇಲೆ ಅಥವಾ ಹದಿನೆಂಟು ತಿಂಗಳಿಗೆ, ಯಾವುದು ಆಮೇಲೋ ಅದು. ಜೊತೆಗೆ ಸೋಂಕು ತಡೆಯಲು ಮಗುವಿಗೆ ಸಾಮಾನ್ಯವಾಗಿ ಆರು ವಾರ ನೆವಿರಪಿನ್ ಅಥವಾ ಜಿಡೊವುಡಿನ್ ಸಿರಪ್, ಅಪಾಯ ಹೆಚ್ಚಿದ್ದರೆ ಇನ್ನೂ ಮುಂದೆ.

ಈ ಪರೀಕ್ಷೆಗಳನ್ನು ತಪ್ಪಿಸಬೇಡಿ. ಚಿಕಿತ್ಸೆ ಸಿಗದ ಸೋಂಕಿತ ಶಿಶುಗಳಲ್ಲಿ ಅರ್ಧದಷ್ಟು ಎರಡನೇ ಹುಟ್ಟುಹಬ್ಬ ಕಾಣುವುದಿಲ್ಲ. ಬೇಗ ಗೊತ್ತಾಗಿ ಮೊದಲ ವಾರಗಳಲ್ಲೇ ಔಷಧ ಶುರು ಮಾಡಿದರೆ ಸಾವು ಶೇ 76ರಷ್ಟು ತಗ್ಗುತ್ತದೆ ಎಂದು ದಕ್ಷಿಣ ಆಫ್ರಿಕಾದ ಅಧ್ಯಯನ 2008ರಲ್ಲಿ ತೋರಿಸಿತು. ನಿಮ್ಮ ಮಗುವಿಗೆ ಅದರ ಅಗತ್ಯ ಬೀಳುವ ಸಂಭವ ತೀರ ಕಡಿಮೆ. ಆದರೂ ಹೇಳದೆ ಬಿಡಲಾಗದು.

ಮೂವತ್ತನಾಲ್ಕನೇ ವಾರ:

ಹೆಸರು ಬದಲಿಸಬೇಕು ಇನ್ನು. ಮಗಳು ಹುಟ್ಟಿ ಇಪ್ಪತ್ತಾರು ದಿನ. ಹುಟ್ಟಿದಾಗಿನ ಪಿಸಿಆರ್ ನೆಗೆಟಿವ್. ಇದು ಗರ್ಭದ ಲೆಕ್ಕ ಮಾತ್ರ ಎಂದು ವೈದ್ಯರು ಹೇಳಿದ್ದು ನೆನಪಿದೆ, ಸಿಹಿ ಹಂಚಿಲ್ಲ.

ಹೆರಿಗೆ ತಜ್ಞೆಯನ್ನೂ ಸಮಾಲೋಚಕಿಯನ್ನೂ ಒಂದೇ ದಿನ ಫೋನಿನಲ್ಲಿ ಮಾತಾಡಿಸಿದೆ. ದಾದಿಯಮ್ಮನ ಮೂರು ಪ್ರಶ್ನೆಗೆ ನಾನು ಬರೆದುಕೊಂಡಿದ್ದ ಉತ್ತರ ಓದಿ ಹೇಳಿದೆ. ತಜ್ಞೆ ಸ್ವಲ್ಪ ಹೊತ್ತು ಸುಮ್ಮನಿದ್ದು, "ಸರಿ, ಪ್ರತಿ ತಿಂಗಳು ವೈರಲ್ ಲೋಡ್, ಒಮ್ಮೆ ಏರಿದರೂ ಆ ದಿನವೇ ನನಗೆ ಹೇಳಬೇಕು" ಎಂದರು. ಎದೆಹಾಲು ಕೊಡುತ್ತಿದ್ದೇನೆ. ರಾತ್ರಿ ಒಂಬತ್ತರ ಅಲಾರಂ ನನ್ನ ಮೊಬೈಲಿನಲ್ಲೂ ಇದೆ, ಗಂಡನ ಮೊಬೈಲಿನಲ್ಲೂ ಇದೆ. ನನ್ನದು ಎರಡು ಸಲ ನನ್ನನ್ನು ಎಬ್ಬಿಸಲಿಲ್ಲ. ಅವರದ್ದು ಎಬ್ಬಿಸಿತು.

ಈಗ ಬರೆಯುತ್ತಿರುವುದು ಬೇರೆ ಕಾರಣಕ್ಕೆ. ಬೆಳಗಿನಿಂದ ಎಡ ಎದೆಯ ಒಂದು ಮೂಲೆ ಗಟ್ಟಿಯಾಗಿ ಕೆಂಪಾಗಿದೆ, ಮುಟ್ಟಿದರೆ ನೋವು. ಕುಡಿಸಬಹುದೇ?

ಹಳೆಯ ದಾದಿ:

ಎಡಗಡೆ ಕುಡಿಸಬೇಡ. ಬಲಗಡೆಯದನ್ನೇ ಕುಡಿಸು. ಎಡಗಡೆಯ ಹಾಲನ್ನು ಕೈಯಿಂದ ಹಿಂಡಿ ಚೆಲ್ಲು, ಹಾಗೇ ಬಿಟ್ಟರೆ ಇನ್ನೂ ಕಟ್ಟುತ್ತದೆ. ಬಲಗಡೆಯದು ಸಾಲದಿದ್ದರೆ ಏನು ಕೊಡಬೇಕೆಂದು ತಜ್ಞೆಯನ್ನೇ ಕೇಳು. ಜ್ವರ ನೋಡಿಕೊಂಡೆಯಾ? ನಾಳೆಗೆಂದು ಇಡಬೇಡ, ಈಗಲೇ ಅವರಿಗೆ ಫೋನ್ ಮಾಡು. ಮಾಡಿದ ಮೇಲೆ ಇಲ್ಲಿ ಒಂದು ಸಾಲು ಬರೆ, ನಾನು ಎಚ್ಚರವಾಗಿರುತ್ತೇನೆ.

ಮೂವತ್ತನಾಲ್ಕನೇ ವಾರ:

ಜ್ವರ 100.4. ಹೊರಟಿದ್ದೇವೆ. ಮಾತ್ರೆಯ ಡಬ್ಬಿ ಮಗಳ ಬಟ್ಟೆಯ ಚೀಲದಲ್ಲಿದೆ.